ಓದುಗರ ಸ್ಪಂದನ: ನಾಲ್ಕು ವಿಷಯ ಸಾಕಾ, ಐದೂ ಬೇಕಾ?

ಕಳೆದ ಸಂಚಿಕೆಯಲ್ಲಿ ದ್ವಿತೀಯ ಪಿಯು ವಿದ್ಯಾರ್ಥಿನಿಯೊಬ್ಬಳು ತನ್ನ ಕಷ್ಟ ಹೇಳಿಕೊಂಡಿದ್ದಳು. ಓದುತ್ತಿರುವುದು ಎಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಆಸೆ ದೆಹಲಿಯಲ್ಲಿ ಇತಿಹಾಸ ಆನರ್ಸ್ ಮಾಡುವುದು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಪರೀಕ್ಷೆಯಾದ ಸಿಯುಇಟಿಗೆ ಐದು ವಿಷಯವನ್ನೂ ಕಟ್ಟು, ಅದರಲ್ಲಿರುವ ಸಾಮಾನ್ಯ ಜ್ಞಾನ, ತರ್ಕದ ‘ಸಾಮಾನ್ಯ ಪರೀಕ್ಷೆ’ ಬಿಡಬೇಡ, ಅರ್ಥಶಾಸ್ತ್ರಕ್ಕೇ ಜಾಸ್ತಿ ಸಮಯ ಕೊಡು ಎಂದು ಅಪ್ಪನ ಒತ್ತಾಯ. ‘ಐದೂ ಹಿಡಿದರೆ ಯಾವುದೂ ಕೈಗೆ ಹತ್ತಲ್ಲ ಅನಿಸುತ್ತೆ’ ಎಂದು ಅವಳು ಬರೆದಿದ್ದಳು. ಮೊದಲು ಬಂದದ್ದು ಈ ಪುಟ್ಟ ಪತ್ರ.

ಅಪ್ಪ ಹೇಳಿದ್ದು, ಕೋಚಿಂಗ್‌ನವರು ಹೇಳಿದ್ದು, ಗೆಳತಿ ಹೇಳಿದ್ದು ಎಲ್ಲ ಬರೆದಿದ್ದೀಯ. ನೀನು ಸೇರಬೇಕೆಂದಿರುವ ವಿಶ್ವವಿದ್ಯಾಲಯ ಏನು ಕೇಳುತ್ತೆ ಅಂತ ಒಂದು ಸಾಲೂ ಇಲ್ಲ. ಮೊದಲು ಅದನ್ನು ಓದು.
— ಓದುಗ, ಶಿವಮೊಗ್ಗ

ಮಾತು ಬಿರುಸು, ಆದರೆ ತಳ್ಳಿಹಾಕುವಂಥದ್ದಲ್ಲ. ಯಾಕೆ ಅನ್ನುವುದು ಮುಂದಿನ ಪತ್ರದಲ್ಲಿದೆ.

ತಂಗಿ, ನಿನ್ನ ಪತ್ರ ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. 2022ರಲ್ಲಿ ಸಿಯುಇಟಿ ಶುರುವಾಯಿತಲ್ಲ, ಆ ಮೊದಲ ವರ್ಷದವನು ನಾನು. ಪಿಯುನಲ್ಲಿ ಕಾಮರ್ಸ್ ಜೊತೆ ಗಣಿತ ಓದಿದ್ದೆ. ಅರ್ಥಶಾಸ್ತ್ರ ಆನರ್ಸ್ ಮಾಡಬೇಕು ಅಂತ ಹೈಸ್ಕೂಲಿನಿಂದಲೂ ಆಸೆ. ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತೆ, ಗಣಿತ ಅಪಾಯ ಅಂತ ನನಗೆ ತಿಳಿಹೇಳುತ್ತಿದ್ದವರೊಬ್ಬರು ಹೆದರಿಸಿದರು. ಸುಮ್ನೆ ನಂಬಿದೆ. ಇಂಗ್ಲಿಷ್, ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ ತುಂಬಿ ಬಂದೆ.

ಅಂಕ ಚೆನ್ನಾಗಿಯೇ ಬಂತು. ಅಮ್ಮ ಎರಡು ಮನೆಗೆ ಫೋನ್ ಮಾಡಿಯೂ ಆಗಿತ್ತು. ಸೀಟಿಗೆ ಅರ್ಜಿ ಹಾಕುವ ದಿನ ಪರದೆ ಮೇಲೆ ಅರ್ಥಶಾಸ್ತ್ರ ಆನರ್ಸ್ ಕಾಣಿಸಲೇ ಇಲ್ಲ. ಮೂರು ಸಲ ಪುಟ ಮುಚ್ಚಿ ತೆರೆದೆ. ಆ ಕೋರ್ಸಿಗೆ ಗಣಿತದ ಪರೀಕ್ಷೆ ಬರೆದಿರಲೇಬೇಕಿತ್ತು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಬೈಯಲಿಲ್ಲ. ‘ಇನ್ನೊಮ್ಮೆ ನೋಡು’ ಅಂದರು, ಅಷ್ಟೇ. ಅರ್ಜಿಯ ಆ ಪ್ರಿಂಟ್ ಇವತ್ತಿಗೂ ಫೈಲಿನಲ್ಲಿದೆ. ತೆಗೆದು ಎಸೆಯೋಕೆ ಕೈ ಬರಲ್ಲ.

ಈಗ ಊರಿನ ಹತ್ತಿರವೇ ಬಿ.ಕಾಂ. ಮುಗಿಸಿ ಕೆಲಸದಲ್ಲಿದ್ದೇನೆ. ಚೆನ್ನಾಗಿದ್ದೇನೆ. ಆದರೂ ಯಾರಾದರೂ ‘ಯಾವ ಸಬ್ಜೆಕ್ಟ್ ತಗೊಳ್ಳಲಿ’ ಅಂದರೆ ಎದೆ ಧಸಕ್ ಅನ್ನುತ್ತೆ. ಕೋರ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕು ತಂಗಿ, ಭಯದಿಂದ ಮುಂದಕ್ಕಲ್ಲ.
— ಬೆಂಗಳೂರು

ಈ ಲೆಕ್ಕವನ್ನು ಹಾಕಿಯೇ ಕೊಟ್ಟಿದ್ದಾರೆ ನಿವೃತ್ತ ಇತಿಹಾಸ ಉಪನ್ಯಾಸಕಿಯೊಬ್ಬರು.

ದೆಹಲಿ ವಿಶ್ವವಿದ್ಯಾಲಯದ ಹೆಚ್ಚಿನ ಬಿ.ಎ. ಆನರ್ಸ್‌ಗೆ ಒಂದು ಭಾಷೆ, ಮೂರು ವಿಷಯ ಇದ್ದರೆ ಆಯಿತು. 2025ರಿಂದ ಸಿಯುಇಟಿಯಲ್ಲಿ ಪಿಯುನಲ್ಲಿ ಓದದ ವಿಷಯವನ್ನೂ ಬರೆಯಬಹುದು. ಆದರೆ ದೆಹಲಿಯವರು 12ನೇ ತರಗತಿಯಲ್ಲಿ ಓದಿದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಿನಗೆ ಭಾಷೆ, ಇತಿಹಾಸ, ರಾಜ್ಯಶಾಸ್ತ್ರ, ಜೊತೆಗೆ ಅರ್ಥಶಾಸ್ತ್ರ ಇಲ್ಲವೇ ಸಮಾಜಶಾಸ್ತ್ರ ಸಾಕು. ಐದು ಅನ್ನುವುದು ಮಿತಿ ಮಗು, ಕಡ್ಡಾಯವಲ್ಲ.

ಪ್ರತಿ ವಿಷಯಕ್ಕೆ 60 ನಿಮಿಷ, 50 ಪ್ರಶ್ನೆ. ಸರಿಗೆ 5 ಅಂಕ, ತಪ್ಪಿಗೆ 1 ಕಳೆತ. ಮೊದಲಿನ ವರ್ಷಗಳ ಹಾಗೆ 50ರಲ್ಲಿ 40 ಆರಿಸಿಕೊಳ್ಳುವ ಅನುಕೂಲ ಈಗಿಲ್ಲ. ಹಾಗಾಗಿ ಪಾಠ ಬಿಟ್ಟು ಓದಬೇಡ. ಎನ್‌ಸಿಇಆರ್‌ಟಿಯ 12ನೇ ತರಗತಿ ಪುಸ್ತಕ ಹಿಡಿ. ವಿಜಯನಗರದ ಅಧ್ಯಾಯವನ್ನೇ ತಗೋ. 1800ರಲ್ಲಿ ಮೆಕೆಂಝಿ ಮಾಡಿದ ಹಂಪಿಯ ಸರ್ವೆ ನಕ್ಷೆ, ಕಮಲಾಪುರದ ಕೆರೆ, ಹಿರಿಯ ಕಾಲುವೆ, ಮಹಾನವಮಿ ದಿಬ್ಬ, ಪರ್ಷಿಯಾದಿಂದ ಬಂದ ರಾಯಭಾರಿ ಅಬ್ದುರ್ ರಝಾಕ್ ಕಂಡ ಕೋಟೆಗಳು. ಹೊಂದಿಸಿ ಬರೆಯುವ ಪ್ರಶ್ನೆ, ಕಾಲಾನುಕ್ರಮದ ಪ್ರಶ್ನೆ ಹುಟ್ಟುವುದು ಇಂಥ ಸಾಲುಗಳಿಂದಲೇ. ಓದುತ್ತಾ ನೀನೇ ಹತ್ತು ಪ್ರಶ್ನೆ ಬರಿ. ಮಾರನೇ ದಿನ ಉತ್ತರಿಸು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತೆ, ಬೇಕಿದ್ದರೆ ಸಂಕೋಚ ಬೇಡ.
— ಧಾರವಾಡ

ಇಷ್ಟು ಓದಿದ ಮೇಲೆ ಐದನೆಯ ವಿಷಯದ ಭಾರ ಕಡಿಮೆಯಾಯಿತು ಅನಿಸುತ್ತದೆ. ಬೇರೆ ದಾರಿ ತೋರಿಸಿದವರೂ ಇದ್ದಾರೆ.

ದೆಹಲಿಯೇ ಯಾಕೆ? ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿ ನಮ್ಮದೇ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿಗೂ ಇದೇ ಪರೀಕ್ಷೆ. ಹೆಣ್ಣುಮಗು, ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮನೆ. ಚಳಿ, ಊಟ, ಭಾಷೆ, ಇದನ್ನೆಲ್ಲ ಯಾರೂ ಯೋಚಿಸಲ್ವಾ?
— ಒಬ್ಬ ತಾಯಿ, ಮೈಸೂರು

ಅಪ್ಪನ ಪರವಾಗಿ ಬಂದದ್ದು ಒಂದೇ ಪತ್ರ. ಅದನ್ನು ಪೂರ್ತಿ ಹಾಕುತ್ತಿದ್ದೇವೆ.

ಆ ತಂದೆಯನ್ನು ಬೈಯಬೇಡಿ. ನಾನೂ ಮಗಳಿಗೆ ‘ಎಲ್ಲಾ ಕಟ್ಟಿಬಿಡು, ಯಾವುದಾದರೂ ಒಂದು ಕೈ ಹಿಡಿಯುತ್ತೆ’ ಅಂದವನೇ. ನಮ್ಮ ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತಿಲ್ಲ. ಎಲ್ಲಿ ತಪ್ಪುತ್ತೆ ಅಂತ ಗೊತ್ತಿಲ್ಲದವರು ಎಲ್ಲವನ್ನೂ ಗಟ್ಟಿ ಹಿಡಿಯುತ್ತೇವೆ. ಅರ್ಜಿ ತುಂಬುವ ರಾತ್ರಿ ಮಗಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಕೋರ್ಸಿನ ನಿಯಮವನ್ನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಅರ್ಧ ಗಂಟೆ ಹಿಡಿಯಿತು. ಆಮೇಲೆ ಐದನೆಯದನ್ನು ‘ತೆಗಿ ಮಗಳೇ’ ಅಂದದ್ದು ನಾನೇ.
— ಲಾರಿ ಚಾಲಕ, ಚಿತ್ರದುರ್ಗ