ಅಪ್‌ಡೇಟ್: ಕೋಲಾರದ ಕೋತಿ ಈಗ ಸರಿಯಾಗಿ ಓಡುತ್ತಿದೆ

ಹೋದ ತಿಂಗಳು ಕೇಳಿದ್ದೆನಲ್ಲ, ಗೊಡಾಟ್ ಅನ್ನೋ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿರುವ ನನ್ನ ಗೇಮ್‌ನ ಕೋತಿ ನನ್ನ ಫೋನಿನಲ್ಲಿ ಸರಿಯಾಗಿ ಓಡುತ್ತೆ, ತಮ್ಮನ ಹೊಸ ಫೋನಿನಲ್ಲಿ ಎರಡು ಪಟ್ಟು ಜೋರಾಗಿ ಓಡುತ್ತೆ ಅಂತ. ತಪ್ಪು ಸಿಕ್ಕಿತು. ವೇಗವನ್ನು ಫ್ರೇಮ್ ಲೆಕ್ಕದಲ್ಲಿ ಇಟ್ಟಿರಬೇಕು ಅಂತ ನೀವು ಹೇಳಿದ್ದೇ ನಿಜ.

ಪ್ರತಿ ಫ್ರೇಮ್‌ಗೂ, ಅಂದರೆ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೂ, ಕೋತಿಯನ್ನು 4 ಪಿಕ್ಸೆಲ್ ಮುಂದೆ ತಳ್ಳುತ್ತಿದ್ದೆ. ನನ್ನ ಫೋನ್ 60 ಹರ್ಟ್ಜ್ (ಸೆಕೆಂಡಿಗೆ 60 ಫ್ರೇಮ್), ತಮ್ಮನದು 120. ಅಂದರೆ ಸೆಕೆಂಡಿಗೆ ನನ್ನದರಲ್ಲಿ 240 ಪಿಕ್ಸೆಲ್, ಅವನದರಲ್ಲಿ 480! ಈಗ ವೇಗ ಸೆಕೆಂಡಿಗೆ 240 ಅಂತಲೇ ಇಟ್ಟು, ಅದನ್ನು ಡೆಲ್ಟಾದಿಂದ ಗುಣಿಸಿದೆ. ಡೆಲ್ಟಾ ಅಂದರೆ ಹಿಂದಿನ ಫ್ರೇಮ್‌ನಿಂದ ಈಚೆಗೆ ಕಳೆದ ಸಮಯ. ಬದಲಾಗಿದ್ದು ಒಂದೇ ಸಾಲು. ಎರಡೂ ಫೋನ್ ಪಕ್ಕ ಪಕ್ಕ ಇಟ್ಟು ಒಟ್ಟಿಗೆ ಒತ್ತಿದೆವು. ಎರಡು ಕೋತಿಗಳೂ ಒಟ್ಟಿಗೇ ಕೊನೆಯ ಮೆಟ್ಟಿಲು ಮುಟ್ಟಿದವು. ತಮ್ಮ ಚಪ್ಪಾಳೆ ಹೊಡೆದ.

ಸೌಂಡ್ ಮಾಡೋದನ್ನೂ ಕಲಿಯಿರಿ ಅಂದಿದ್ದಿರಿ, ಅದನ್ನೂ ಶುರು ಮಾಡಿದ್ದೇನೆ. ಭಾನುವಾರ ಬೆಳಗ್ಗೆಯೇ ಅಂತರಗಂಗೆ ಬೆಟ್ಟ ಹತ್ತಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿನ ಸದ್ದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡು ಬಂದೆ. ಜನ ಜಾಸ್ತಿ ಆಗೋ ಮುಂಚೆ ಹೋಗಿದ್ದು ಒಳ್ಳೇದಾಯಿತು. ಆಡಾಸಿಟಿ ಅನ್ನೋ ಸೌಂಡ್ ಎಡಿಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಗಾಳಿಯ ಸದ್ದು ಕಮ್ಮಿ ಮಾಡಿದೆ. ಸದ್ದು ಮುಗಿದು ಮತ್ತೆ ಮೊದಲಿನಿಂದ ಶುರುವಾಗುವ (ಲೂಪ್ ಕೂಡುವ) ಜಾಗದಲ್ಲಿ ಮಾತ್ರ ಇನ್ನೂ ಟಕ್ ಅನ್ನುತ್ತೆ. ಈ ವಾರ ಅದೇ ಕೆಲಸ.