ಸಹಾಯ ಬೇಕು: ಘಾಟಿಯಲ್ಲಿ ಎಂಜಿನ್ ಚಟಪಟ ಎನ್ನುತ್ತದೆ, 95 ಆಕ್ಟೇನ್ ಪೆಟ್ರೋಲ್ ಹಾಕಿಸಬೇಕೇ?

ನಮಸ್ಕಾರ. ನಾನಿರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಹೋದ ವರ್ಷ ಟರ್ಬೊ ಪೆಟ್ರೋಲ್ ಎಂಜಿನ್ನಿನ ಹಳೆಯ ಕಾರು ಕೊಂಡೆ. ದಿನವೂ ಧಾರವಾಡಕ್ಕೆ ಹೋಗಿ ಬರುತ್ತೇನೆ, ಒಮ್ಮೆಯೂ ತೊಂದರೆ ಕೊಟ್ಟಿರಲಿಲ್ಲ.

ಮೊನ್ನೆ ಅಂಕೋಲೆಯಿಂದ ಮರಳುವಾಗ ಅರಬೈಲ್ ಘಾಟಿಯಲ್ಲಿ ಹೆದರಿಕೆಯಾಯಿತು. ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಎ.ಸಿ. ಲಾರಿಯ ಹಿಂದೆ ನಿಧಾನಕ್ಕೆ ಏರುತ್ತ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದೆ. ಬಾನೆಟ್ ಒಳಗಿನಿಂದ ಒಗ್ಗರಣೆಯ ಸಾಸಿವೆ ಸಿಡಿದಂತೆ ಸದ್ದು! ಎರಡನೇ ಗೇರಿಗೆ ಇಳಿಸಿದ ಕೂಡಲೇ ನಿಂತಿತು.

ಇದು ನಾಕಿಂಗ್ ಎಂದೇ ನನ್ನ ಅನುಮಾನ. ಅಂದರೆ, ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನಲ್ಲಿ ಉಳಿದ ಮಿಶ್ರಣ ಒತ್ತಡ, ಬಿಸಿಗೆ ತಾನಾಗಿ ಸಿಡಿಯುವುದು. ಅದನ್ನು ತಡೆದುಕೊಳ್ಳುವ ಗುಣದ ಅಳತೆಯೇ ಆಕ್ಟೇನ್, ಇಂಧನದ ಶಕ್ತಿಯ ಅಳತೆಯಲ್ಲ ಎಂಬುದು ಗೊತ್ತು. ಕೈಪಿಡಿಯಲ್ಲಿ ಕನಿಷ್ಠ 91 ಎಂದಿದೆ. ಗ್ಯಾರೇಜಿನವರು ಮಾತ್ರ ಇನ್ನು ಮುಂದೆ 95 ಅನ್ನೇ ಹಾಕಿಸಿ ಎನ್ನುತ್ತಾರೆ. ಸ್ಪಾರ್ಕ್ ಪ್ಲಗ್ ಬಿಚ್ಚಿಯೂ ನೋಡಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ.

ಇಂಥ ಟರ್ಬೊ ಕಾರಿಗೆ 95 ಬಳಸಿದವರು ಘಾಟಿಯಲ್ಲಿ ನಿಜವಾಗಿ ವ್ಯತ್ಯಾಸ ಕಂಡಿದ್ದೀರಾ? ಇಲ್ಲವೇ ಮೊದಲು ಎಂಜಿನ್ನಿನೊಳಗೆ ಕಟ್ಟಿದ ಇಂಗಾಲದ ಪದರ, ಪ್ಲಗ್, ನಾಕಿಂಗ್ ಗುರುತಿಸುವ ನಾಕ್ ಸೆನ್ಸರ್ ಪರೀಕ್ಷಿಸಬೇಕೇ? ಹುಬ್ಬಳ್ಳಿ–ಧಾರವಾಡದಲ್ಲಿ ಸ್ಕ್ಯಾನರ್ ಹಾಕಿ ತಾಳ್ಮೆಯಿಂದ ನೋಡುವ ಮೆಕ್ಯಾನಿಕ್ ಇದ್ದರೆ ದಯವಿಟ್ಟು ತಿಳಿಸಿ. ಮುಂದಿನ ವಾರ ತಾಯಿಯನ್ನು ಕರೆದುಕೊಂಡು ಮತ್ತೆ ಅದೇ ಘಾಟಿ ಇಳಿದು ಏರಬೇಕಿದೆ.