ತೆಂಗಿನ ಚಿಪ್ಪಿನ ಇದ್ದಿಲು ಹಣ್ಣಿನ ಪೆಟ್ಟಿಗೆಗೆ ಆಗುತ್ತಾ?

ಪ್ರಶ್ನೆ: ನಮ್ಮ ತಿಪಟೂರು ಕಡೆ ಕೊಬ್ಬರಿ ತೆಗೆದ ಮೇಲೆ ಚಿಪ್ಪು ರಾಶಿ ಬೀಳುತ್ತದೆ. ಅದನ್ನು ಬಯೋಚಾರ್ (ಹೆಚ್ಚು ಗಾಳಿ ಸೋಕದಂತೆ ಸುಟ್ಟ ಇದ್ದಿಲು) ಮಾಡಿ, ಸಣ್ಣ ಚೀಲದಲ್ಲಿ ಬಾಳೆಹಣ್ಣಿನ ಪೆಟ್ಟಿಗೆಗೆ ಇಟ್ಟರೆ ಹಣ್ಣು ಬೇಗ ಮಾಗಲ್ಲ ಅಂತಾರೆ, ನಿಜಾನಾ?

ಉತ್ತರ 1: ಸ್ವಲ್ಪ ಮಟ್ಟಿಗೆ ನಿಜ. ಹಣ್ಣು ಬಿಡುವ ಎಥಿಲೀನ್ ಅನಿಲದಿಂದಲೇ ಅದು ಮಾಗುವುದು, ಇದ್ದಿಲಿನ ರಂಧ್ರಗಳು ಅದನ್ನು ಹಿಡಿದುಕೊಳ್ಳುತ್ತವೆ. ಆದರೆ ಸುಮ್ನೆ ಸುಟ್ಟ ಇದ್ದಿಲಿಗೆ ಆ ಶಕ್ತಿ ಕಡಿಮೆ, ರಂಧ್ರ ಹೆಚ್ಚಲು 800 ಡಿಗ್ರಿ ಸೆಲ್ಸಿಯಸ್ ಮೇಲೆ ಹಬೆ ಹಾಯಿಸಬೇಕು. ಪೆಟ್ಟಿಗೆಯೊಳಗೆ ಹಣ್ಣು ಬೆವತರಂತೂ ರಂಧ್ರಕ್ಕೆ ನೀರೇ ತುಂಬಿಕೊಳ್ಳುತ್ತದೆ, ಮುಗೀತು.

ಉತ್ತರ 2: ಪ್ಲಾಸ್ಟಿಕ್‌ಗೆ ಬೆರೆಸಿ ಟ್ರೇ ಮಾಡೋ ಯೋಚನೆ ಇದ್ರೆ ಹುಷಾರು. ಸರಿಯಾಗಿ ಸುಡದಿದ್ದರೆ ಟಾರ್ (ಡಾಂಬರಿನಂಥ ಅಂಟು) ಉಳಿಯುತ್ತದೆ, ಅದು ಹಣ್ಣಿಗೆ ಇಳಿಯಬಹುದು. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಪ್ರಕಾರ ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ಒಟ್ಟು ಪದಾರ್ಥ ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ದಾಟಬಾರದು.

ಉತ್ತರ 3: ಆ್ಯಕ್ಟಿವೇಟೆಡ್ ಕಾರ್ಬನ್ (ಹೀಗೆ ರಂಧ್ರ ಹೆಚ್ಚಿಸಿದ ಇದ್ದಿಲು) ಮಾಡುವವರಿಗೇ ಚಿಪ್ಪು ಮಾರಬಹುದು ಅಲ್ವಾ? ಸಕ್ಕರೆ ಪಾಕದ ಬಣ್ಣ ತೆಗೆಯಲು, ನೀರಿನ ಫಿಲ್ಟರ್‌ಗೆ ಬೇಕಾಗುತ್ತದೆ.